ಕಟ್ಟಿನ ಅಂಗಡಿಯ ಚೆಂಡುಹೂವು

ಇವತ್ತು ಗದಗಿನ ಪೇಟೆಗೆ ಹಳೆಯ ಫೋಟೋ ಒಂದಕ್ಕೆ ಕಟ್ಟು ಹಾಕಿಸಲು ಹೋಗಿದ್ದೆ. ಅಂಟು ಮತ್ತು ಕಟ್ಟಿಗೆ ಪುಡಿಯ ವಾಸನೆ ಮೂಗಿಗೆ ಬಡಿದದ್ದೇ, ಕನ್ನಡ ನಾಡು ಒಂದಾದ ದಿನದ ಆ ಬೆಳಗು ಕಣ್ಣೆದುರು ನಿಂತಿತು.

ಅರಿವೆ ಅಂಗಡಿ, ಪಾತ್ರೆ ಮಾರುವ ಭಾಂಡೆ ಅಂಗಡಿ, ಬೆಟಗೇರಿ ಸೀರೆಯವರು, ಎಲ್ಲರ ಬಾಗಿಲಿಗೂ ಚೆಂಡುಹೂವಿನ ಮಾಲೆ. ಫೋಟೋಗಳಿಗೆ ಕಟ್ಟು ಹಾಕುವ ಮುದುಕ ಮುಖಂಡರ ಪಟಗಳಿಗೆ ಹಾರ ಹಾಕಿದ. ಹೂವು ಉಳಿದವು. ಆ ಹಿಗ್ಗಿನಲ್ಲಿ ಗಿರಾಕಿಗಳು ಬಿಟ್ಟುಹೋಗಿದ್ದ ಫೋಟೋಗಳಿಗೂ ಹಾಕಿಬಿಟ್ಟ.

ಅವುಗಳಲ್ಲಿ ನನ್ನ ಅಪ್ಪನ ತಂಗಿ ಶಾಂತತ್ತೆಯದೂ ಇತ್ತು. ವರನ ಕಡೆಯವರಿಗೆ ತೋರಿಸಲೆಂದು ತೆಗೆಸಿದ್ದು. ನಾನು ಅವಳ ಕೈ ಹಿಡಿದು ಅಂಗಡಿಯೆದುರೇ ನಿಂತಿದ್ದೆ.

“ಜೀವಂತ ಇದ್ದಾಕಿಗೆ ಹಾರ ಹಾಕಿಯಲ್ಲೋ ಯಜ್ಜಾ!” ಎಂದು ಪಕ್ಕದ ಅಂಗಡಿಯವರು ಕೂಗಿದರು. ಮುದುಕ ಹಾರ ತೆಗೆಯಲು ಹೋದ. ಅತ್ತೆ ಮಾತ್ರ ಗಾಜಿನೊಳಗಿನ ತನ್ನನ್ನೇ ನೋಡುತ್ತ, “ಇರ್ಲಿ ಬಿಡ್ರಿ, ತಗೀಬ್ಯಾಡ್ರಿ. ಎಷ್ಟ ಚಂದ ಕಾಣ್ತಾಳ ಆಕಿ” ಎಂದಳು. ನನ್ನ ಕೈಯೊಳಗಿನ ಅವಳ ಕೈ ತಣ್ಣಗಾಗಿತ್ತು.

ನಾವು ಮುಟ್ಟುವ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ಬಂದದ್ದು ಮಗಳೋ ಅವಳ ದೆವ್ವವೋ ಎಂಬಂತೆ ಅಜ್ಜಿ ಅವಳನ್ನು ಹೊಸ್ತಿಲಾಚೆಯೇ ನಿಲ್ಲಿಸಿದಳು. “ನಿನ್ನ ಹೆಸರೇನು, ಹೇಳು.” ಅತ್ತೆಗೆ ಉತ್ತರ ಹೇಳಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಅವಳು ಎಂದೂ ಹೂವು ಮುಡಿಯಲಿಲ್ಲ.

ಇವತ್ತಿನ ಅಂಗಡಿಯಾಕೆ ಫೋಟೋದ ಅಳತೆ ತೆಗೆದುಕೊಂಡು, “ಗಂಧದ ಹಾರಾನೂ ಹಾಕಿ ಕೊಡ್ಲೇನ್ರಿ? ಇವ್ರು ನಿಮಗ ಏನಾಗಬೇಕ್ರಿ?” ಎಂದಳು.

ಫೋಟೋದಲ್ಲಿ ಇದ್ದದ್ದು ನಾನೇ, ಮದುವೆಗೆ ಮುಂಚಿನ ನಾನು. ಹಾಗೆಂದು ಹೇಳಲು ನನಗೂ ಬಹಳ ಹೊತ್ತು ಹಿಡಿಯಿತು.