ಅಪ್ಪನ ಗಂಟಲಿನ ಡೆಮೋ

ತಲೆಗೆ ಹಚ್ಚಿ ಮಿಕ್ಕ ಡೈಯನ್ನು ನಮ್ಮ ಸೌಂಡ್ ಯಜಮಾನರು ಕಿವಿಯೊಳಗಿಂದ ಹೊರಚಾಚಿದ ಕೂದಲಿಗೂ ಹಚ್ಚಿಕೊಳ್ಳುತ್ತಿದ್ದರು. ಕಿವಿ ನಂಬಿ ಅನ್ನ ತಿನ್ನುವ ಮನುಷ್ಯ ಆ ಕಿವಿಯನ್ನು ಇಟ್ಟುಕೊಂಡಿದ್ದ ಚಂದ ಅದು. ವಯಸ್ಸಾದವರನ್ನು 'ಅವನು' ಅನ್ನಬಾರದು ಎಂದು ಅಮ್ಮ ಬೈಯುತ್ತಾಳೆ, ಅದಕ್ಕೇ ಈ ಬಹುವಚನ. ಇದರಲ್ಲಿ ಗೌರವ ಹುಡುಕಬೇಡಿ.

ಹಾಸನದಲ್ಲಿ ಶಾಮಿಯಾನ ಅಂಗಡಿಯೊಂದರ ಹಿಂದಿನ ಕೋಣೆಯೇ ಅವರ ಸ್ಟುಡಿಯೋ. ನಮ್ಮ ಕಡೆ ಊರೂರಿನವರು ಬಣ್ಣ ಹಚ್ಚಿ ಆಡುವ ಪೌರಾಣಿಕ ನಾಟಕಗಳಿಗೆ ಅವರದೇ ಸೌಂಡು. ನಾನು ಕೆಲಸಕ್ಕೆ ಸೇರಿದ ವರ್ಷ, ಬೆಂಗಳೂರಿನಲ್ಲಿ ಯಾರೋ ಮಾರಿದ ಮಾಡ್ಯುಲರ್ ಸಿಂಥಸೈಜರ್ ಎಂಬ, ಶಬ್ದ ತಿದ್ದುವ ಮಿಷನ್ ತಂದು ಕೂರಿಸಿದರು. ಗುಂಡಿಗಳು, ತೂತುಗಳು, ನೇತಾಡುವ ವಯರುಗಳು. ನೋಡಿದವರು ಹಳೇ ಟೆಲಿಫೋನ್ ಎಕ್ಸ್‌ಚೇಂಜ್ ಅಂದುಕೊಳ್ಳುತ್ತಿದ್ದರು. ಅದರಲ್ಲಿ ಅವರು ಮುಟ್ಟುತ್ತಿದ್ದದ್ದು ಒಂದೇ ಮಾಡ್ಯೂಲು, ಅಂದರೆ ಒಂದೇ ಡಬ್ಬಿ. ಅದರ ಎಡಗಡೆಯ ಡಿಸ್ಟಾರ್ಷನ್ ಶಬ್ದವನ್ನು ಹರಿದು ಒರಟು ಮಾಡುತ್ತೆ. ಬಲಗಡೆಯ ಫಿಲ್ಟರು ಬೇಡದ್ದನ್ನು ಸೋಸಿ ತೆಗೆಯುತ್ತೆ. ಒದ್ದೆ ಗೋಣಿಚೀಲಕ್ಕೆ ಒನಕೆಯಿಂದ ಬಡಿದು ರೆಕಾರ್ಡ್ ಮಾಡಿ, ಹದವಾಗಿ ಹರಿದು, ಹದವಾಗಿ ಸೋಸಿದರೆ ಗದೆಯ ಪೆಟ್ಟು ತಯಾರು. ಕುಕ್ಕರಿನ ಸೀಟಿಯಿಂದ ಬಾಣ ಹಾರುತ್ತಿತ್ತು. ಇದನ್ನೆಲ್ಲ ಮಾಡುತ್ತಿದ್ದವಳು ನಾನು. ಯಜಮಾನರಿಗೆ ಗೊತ್ತಿದ್ದ ವಿದ್ಯೆ ಡಿಸ್ಟಾರ್ಷನ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸುವುದು.

"ಸೌಂಡು ಎದೆಗೆ ಗುದ್ಬೇಕು ಕಣಮ್ಮಿ. ಸೋಸೋದು ಕಾಫಿಗೆ," ಎನ್ನುತ್ತಿದ್ದರು, ದೊಡ್ಡ ಶಾಸ್ತ್ರ ಹೇಳುವವರ ಹಾಗೆ.

ಮಲ್ಲಿಪಟ್ಟಣದಲ್ಲಿ ಒಮ್ಮೆ ನಾಟಕದ ನಡುವೆ ನಿಜವಾದ ಗುಡುಗೇ ಗುಡುಗಿತು. ಜನ ಬೆಚ್ಚಿಬಿದ್ದು ಚಪ್ಪಾಳೆ ತಟ್ಟಿದರು. ನಮ್ಮ ಯಜಮಾನರು ಎದ್ದು ನಿಂತು ಕೈ ಮುಗಿದರು! ಮಳೆ ಸುರಿದು ಜನ ಓಡುವಾಗಲೂ "ಮಿಷನ್ ಪವರ್ ನೋಡಿದ್ರಾ?" ಎಂದು ಕೇಳುತ್ತಿದ್ದರು. ನಾಚಿಕೆ ಅನ್ನುವುದು ಆ ಮನುಷ್ಯನ ಹತ್ತಿರಕ್ಕೂ ಸುಳಿದಿರಲಿಲ್ಲ.

ಇಂಥವರ ಕೈಗೆ ನಾನು ಅಪ್ಪನ ಗಂಟಲು ಕೊಟ್ಟೆ. ನಮ್ಮೂರು ನುಗ್ಗೇಹಳ್ಳಿಯ ತಂಡದಲ್ಲಿ ಅಪ್ಪ ಎಷ್ಟೋ ವರ್ಷ ರಾಜಾಪಾರ್ಟು ಮಾಡಿದವನು. ಗಂಟಲಿನ ಆಪರೇಷನ್ ಆದಮೇಲೆ ಉಳಿದದ್ದು ಒಣ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದಂಥ ಸದ್ದು. ನಾಲ್ಕು ಜನರ ಎದುರು ಬಾಯಿ ತೆರೆಯುವುದನ್ನೇ ಬಿಟ್ಟ. ಅಂಗಡಿಯಲ್ಲಿ ಬೆರಳು ತೋರಿಸುತ್ತಿದ್ದ, ಅಮ್ಮನನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದ. ಅವನು ಮತ್ತೆ ಮಾತಾಡಬೇಕು, ನನಗೆ ಬೇಕಿದ್ದದ್ದು ಅಷ್ಟೆ. ಹೊಳೆನರಸೀಪುರದಲ್ಲಿ ನಮ್ಮೂರ ತಂಡದ ನಾಟಕ ನಿಗದಿಯಾದಾಗ, ಅಶರೀರವಾಣಿಯನ್ನು ಅಪ್ಪನೇ ಹೇಳಲಿ ಅಂದೆ. ಆಕಾಶದಿಂದ ಬರುವ ಆ ಮಾತನ್ನು ಪರದೆಯ ಹಿಂದೆ ಕೂತು ಹೇಳುತ್ತಾರೆ, ಮುಖ ಕಾಣುವುದಿಲ್ಲ.

ಅಪ್ಪ ನನ್ನ ಕಿವಿಯ ಹತ್ತಿರ ಬಂದು, "ನಂದು ಅಂತ ಯಾರ್ಗೂ ಗೊತ್ತಾಗ್ಬಾರ್ದು ಕಣವ್ವ," ಎಂದ.

ಗೊತ್ತಾಗದ ಹಾಗೆಯೇ ಮಾಡಿದೆ. ಅವನ ಗೊರಗೊರವನ್ನೇ ಹರಿದು ದಪ್ಪ ಮಾಡಿದೆ, ನಡುವಿನ ಬುಸುಬುಸುವನ್ನು ಫಿಲ್ಟರಿನಲ್ಲಿ ಸೋಸಿದೆ. ಮಾತು ಮುಂದುವರಿದಂತೆ ಫಿಲ್ಟರನ್ನು ಮೆಲ್ಲಗೆ ತೆರೆಯುತ್ತ ಹೋದರೆ, ಮೋಡದೊಳಗಿಂದ ಯಾರೋ ಇಳಿದು ಬಂದ ಹಾಗೆ ಕೇಳುತ್ತಿತ್ತು.

ಈಗೀಗ ನಾಟಕಗಳು ಹಗಲಲ್ಲೇ ನಡೆಯುತ್ತವೆ. ಮಧ್ಯಾಹ್ನ ಅಶರೀರವಾಣಿ ಬಂದಾಗ ಸಭಾಂಗಣ ನಡುಗಿತು. ಶಿಳ್ಳೆಯೋ ಶಿಳ್ಳೆ, ಒನ್ಸ್ ಮೋರ್ ಎಂಬ ಕೂಗು. ಮೆಚ್ಚಿದ ಪಾತ್ರಕ್ಕೆ ನಾಟಕ ನಿಲ್ಲಿಸಿ ರಂಗದ ಮೇಲೇ ಹಾರ ಹಾಕುವುದು ನಮ್ಮವರ ಪದ್ಧತಿ. ಹಾರ ಹಿಡಿದು ಬಂದವರಿಗೆ ಪಾತ್ರಧಾರಿ ಕಾಣಲಿಲ್ಲ. ಮಾತಾಡಿದ್ದು ಮಿಷನ್ನೇ ಅಂದುಕೊಂಡು ಯಜಮಾನರ ಕೊರಳಿಗೆ ಹಾಕಿದರು. ಅವರು ಬೇಡ ಅನ್ನುವವರೇ? ಹಾಕಿಸಿಕೊಂಡು ಮೈಕು ಹಿಡಿದರು.

"ಇದು ಯಾರ್ ವಾಯ್ಸು ಗೊತ್ತೇನ್ರಪ್ಪಾ? ಗಂಟ್ಲು ಕುಯ್ಸ್ಕಂಡಿರೋ ಮನ್ಸಂದು! ಒಳಗೆ ಕುಂತವ್ನೆ. ಈಗ ಮಿಷನ್ ಇಲ್ದಂಗೆ ಕೇಳಿ, ಆಗ ಗೊತ್ತಾಯ್ತದೆ ನನ್ ಕೈ ಏನು ಅಂತ!"

ಅಂದವರೇ ವಯರು ಕಿತ್ತು ಅಪ್ಪನ ಮೈಕನ್ನು ನೇರ ಸ್ಪೀಕರಿಗೆ ಕೊಟ್ಟುಬಿಟ್ಟರು. ಥೂ! ಕುಯ್ದ ಗಂಟಲನ್ನು ಡೆಮೋಗೆ ಇಡುವುದೇ? ನಾನು ಪರದೆಯ ಹಿಂದಕ್ಕೆ ಓಡಿದೆ. ಅಪ್ಪ ಮೈಕು ಹಿಡಿದು ಕೂತಿದ್ದ. ಬೇಡ ಎಂದು ತಲೆಯಾಡಿಸಿದೆ. ಅವನು ನನ್ನನ್ನು ನೋಡಿದ, ಮೈಕನ್ನು ನೋಡಿದ, ಆಮೇಲೆ ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ಅರ್ಧ ಗೊರಗೊರ, ಅರ್ಧ ಬರೀ ಗಾಳಿ. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ನನಗೆ.

ಮುಂದಿನ ಸಾಲಿನಿಂದ ನಮ್ಮೂರಿನವರೊಬ್ಬರು ಕೂಗಿದರು: "ಅಯ್ಯೋ, ನಮ್ ರಾಜಾಪಾರ್ಟು ಕಣ್ಲಾ! ಮಾತ್ ಎಳೆಯೋದ್ ಕೇಳ್ಲಾ, ಅವ್ನೇಯಾ! ಕರ್ಕಬನ್ರಲಾ ಈಚೆಗೆ!"

ನಾಲ್ಕು ಜನ ನುಗ್ಗಿ ಅಪ್ಪನನ್ನು ರಂಗಕ್ಕೆ ಎಳೆದು ತಂದರು. ಯಜಮಾನರು ತಮ್ಮ ಹಾರ ತೆಗೆದು ಅವನಿಗೆ ಹಾಕಿದರು ಅಂದುಕೊಂಡಿರಾ? ಎಲ್ಲಿ ಬಂತು! ಪಕ್ಕದಲ್ಲಿ ನಿಂತು ಫೋಟೋಗೆ ಹಲ್ಲು ಕಿರಿದರು.

ಊರಿಗೆ ವಾಪಸು ಬರುವಾಗ ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಬೇಕಿತ್ತು. ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಎಲ್ಡು ಕಾಫಿ. ಒಂದ್ಕೆ ಸಕ್ರೆ ಬ್ಯಾಡ," ಅಂದ. ಸಪ್ಲೈಯರ್‌ಗೆ ಕೇಳಿಸಲಿಲ್ಲ. "ಏನ್ ಸಾ?" ಅಂದ. ಅಪ್ಪ ಇನ್ನೂ ಜೋರಾಗಿ ಹೇಳಿದ. ಇಡೀ ಹೋಟೆಲು ತಿರುಗಿ ನೋಡಿತು. ಊರಿಗೆಲ್ಲ ಕೇಳಿಸಿಯಾದ ಮೇಲೆ ಇನ್ನು ಮುಚ್ಚಿಡುವುದೇನು, ಎಂಬಂತೆ ಕೂತಿದ್ದ. ನಾನು ಅಳು ನುಂಗಿಕೊಂಡು ಕಾಫಿ ಕುಡಿದೆ.

ಮರುದಿನ ಸ್ಟುಡಿಯೋಗೆ ಹೋಗಿ ಯಜಮಾನರನ್ನು ಬಾಯಿಗೆ ಬಂದಂತೆ ಬೈದೆ. ಮೊಬೈಲಿನಲ್ಲಿ ಹಾರ ಹಾಕಿಕೊಂಡ ತಮ್ಮ ಫೋಟೋ ನೋಡುತ್ತಲೇ, "ಅದಿರ್ಲಿ, ಅರಕಲಗೂಡ್ನಾಗೂ ಡೆಮೋ ಇಡಾನ. ನಿಮ್ಮಪ್ಪಂಗೆ ಯೋಳು," ಅಂದರು. ಕೋಪದಲ್ಲೇ ಅಪ್ಪನಿಗೆ ಹೇಳಿದೆ. ಅವನು ಮೀಸೆ ತಿರುವಿಕೊಂಡು ಹೊರಟೇಬಿಟ್ಟ!

ಹೋದ ವರ್ಷ ಯಜಮಾನರು ತೀರಿಕೊಂಡರು. ಅವರಿಂದ ನಮಗೆ ಒಳ್ಳೆಯದಾಯಿತು, ನಿಜ. ಒಳ್ಳೆಯದಾಗಲಿ ಎಂದು ಅವರು ಮಾಡಿದ್ದಲ್ಲ, ಅದೂ ನಿಜ. ಹೋಗಿ ಹೋಗಿ ಇಂಥವರ ಋಣವೇ ಬೀಳಬೇಕಿತ್ತೇ ಎಂದು ಈಗಲೂ ಮೈ ಉರಿಯುತ್ತೆ. ಅವರ ಹೆಣವನ್ನು ಮನೆಯ ಮುಂದೆ ಮಲಗಿಸಿದ್ದರು. ಬಂದವರೆಲ್ಲ ಪಿಸುಗುಡುತ್ತ ನಿಂತಿದ್ದರು. ಅಪ್ಪ ನಡುವೆ ನುಗ್ಗಿ ಹೋಗಿ, ಆ ಹರಕು ಗಂಟಲಿನಲ್ಲಿ ಬೀದಿಗೆಲ್ಲ ಕೇಳುವಂತೆ ಕೂಗಿದ:

"ಲೋಫರ್ ನನ್ಮಗ್ನೆ, ಒಂದ್ ಮಾತು ಯೋಳ್ದಂಗೆ ಓಗ್ಬುಟ್ಯಲ್ಲಾ!"

ಸಾವಿನ ಮನೆ, ಸುಮ್ಮನಿರು ಎಂದು ಯಾರೋ ತೋಳು ಹಿಡಿದೆಳೆದರು. ಅಪ್ಪ ಸುಮ್ಮನಾಗಲಿಲ್ಲ.