ಸೊಂಟ ಬಂದ ಕೊಳವೆ

ಅದು ಕಲೆಯಲ್ಲ. ಹಸಿ ಮಣ್ಣಿನ ಕೊಳವೆಯನ್ನು ನಾನು ಅಭ್ಯಾಸಬಲದಿಂದ ಕೊಡಪಾನದ ಹಾಗೆ ಸೊಂಟಕ್ಕೇರಿಸಿದೆ, ಅಷ್ಟೇ.

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಕೆಳಗಿನ ರೂಮಿನಲ್ಲಿ ಮಡಕೆ ಕಲಿಸುವ ಟೀಚರ್ ಇದ್ದಳು. ಸೀದ ದೋಸೆ ಕೊಟ್ಟರೂ ತಲೆ ವಾರೆ ಮಾಡಿ, "ತಡೀರಿ ಅಜ್ಜಿ, ಅದೇನು ಹೇಳ್ತದೆ ನೋಡುವ" ಅನ್ನುವವಳು. ಬಾಂದ್ರಾದ ಪ್ರದರ್ಶನದವರು ಅವಳು ಕಲಾಕೃತಿಯೆಂದು ಕಳಿಸಿದ ನೆಟ್ಟಗಿನ ಮಣ್ಣಿನ ಕೊಳವೆಗಳನ್ನು ಗಟಾರದ ಪೈಪ್ ಎಂದು ವಾಪಸು ಕಳಿಸಿ, ಇನ್ನೊಂದೇ ಅವಕಾಶ ಕೊಟ್ಟಿದ್ದರು. ಆ ದಿನ ಹೊಸದೊಂದನ್ನು ಮೂಲೆಗಿಡಿ ಅಂತ ನನಗೆ ಕೊಟ್ಟಳು. ಇಳಿಸಿದಾಗ ಅದು ನಡು ಬಾಗಿಸಿ, ನಳ್ಳಿಯ ಹತ್ತಿರ ಜಗಳಕ್ಕೆ ನಿಂತ ಹೆಂಗಸಿನ ಹಾಗೆ ಕಂಡಿತು.

"ಹಾಳಾಯ್ತಲ್ಲ ಮಗಾ," ಅಂದೆ.

"ತಡೀರಿ ಅಜ್ಜಿ..." ಅಂದವಳು ಮಾತು ಮುಗಿಸಲಾರದೆ, ನಕ್ಕು ನಕ್ಕು ನೆಲದ ಮೇಲೆ ಕೂತಳು. "ಇದು ನೀವೇ. ಬೈತಾ ಉಂಟು."

ಮರುದಿನ ಬೆಳಿಗ್ಗೆ ಸೀರೆ ಎತ್ತಿ ಸಿಕ್ಕಿಸಿ, ಪ್ರದರ್ಶನಕ್ಕೆಂದು ಅವಳು ಮಾಡಿಟ್ಟ ಹೊಸ ಕೊಳವೆಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಸೊಂಟಕ್ಕೇರಿಸುತ್ತ ಹೋದೆ.