ಆಣೆಕಲ್ಲಿನ ಸುದ್ದಿ

ಎಂಬತ್ತರ ದಶಕದಲ್ಲಿ ನಾನು ಯರಗುಪ್ಪಿಯ ಕಾಕಾ-ಕಾಕುವಿನ ಮನೆಯಲ್ಲಿದ್ದು ಹುಬ್ಬಳ್ಳಿಯ ಕಾಲೇಜಿಗೆ ಹೋಗುತ್ತಿದ್ದೆ. ಹವಾಮಾನದ ಸುದ್ದಿ ಬೇಕಾದವರು ಕಾಕಾನ ಕಟ್ಟೆಗೆ ಬರುತ್ತಿದ್ದರು. ರೇಡಿಯೋ ಅವನದು. ಮಳೆಯೂ ತನ್ನದೇ ಎಂಬಂತೆ ಹೇಳುತ್ತಿದ್ದ.

ಆ ಬೇಸಿಗೆ ಅವನ ಕರಿಮಣ್ಣಿನ ಎರಿಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಹೊಲದ ಒಂದು ಮೂಲೆ ಇನ್ನೂ ಬಾಕಿಯಿತ್ತು. ಇಳಿಹೊತ್ತಿನಲ್ಲಿ ಕುರಿಗಾರ ಬಂದು ಕಟ್ಟೆಯ ಕೆಳಗೆ ನಿಂತ. ಮೋಡದ ಬಣ್ಣ ನೋಡಿ ಹೆದರಿಕೆಯಾಗುತ್ತಿದೆ, ಮೊನ್ನೆ ಮೊನ್ನೆ ಹುಟ್ಟಿದ ಮರಿಗಳಿವೆ, ರೇಡಿಯೋದಲ್ಲೇನಾದರೂ ಹೇಳಿದ್ದರೆ ಊರೊಳಗಿನ ಖಾಲಿ ಗೋದಾಮಿಗೆ ಹೊಡೆದುಕೊಂಡು ಹೋಗುತ್ತೇನೆ ಎಂದ.

“ರೇಡಿಯೋದಾಗ ಏನೂ ಹೇಳಿಲ್ಲ. ನಾಕ ಹನಿ ಬಿದ್ರ ಬೀಳಬಹುದು. ಅಲ್ಲೇ ಇರು,” ಎಂದ ಕಾಕಾ.

“ಹಂಗಾರ ಆತ್ರಿ,” ಎಂದು ಅವನು ಹೋದ.

ಹೊತ್ತು ಮುಳುಗುವ ಮುನ್ನವೇ ಸಿಡಿಲು ಸಿಡಿದು ಆಣೆಕಲ್ಲು ಬಿತ್ತು. ಒಂದೊಂದೂ ನಿಂಬೆಹಣ್ಣಿನಷ್ಟು. ಕೊಟ್ಟಿಗೆಯ ಹೆಂಚು ಪುಡಿಯಾದವು. ನಿಂತ ಮೇಲೆ ಹೊಲಕ್ಕೆ ಓಡಿದೆವು. ಕರಿ ಕೆಸರಿನಲ್ಲಿ ಮರಿಗಳು ಬಾಯಿ ತೆರೆದು ಬಿದ್ದಿದ್ದವು. ತಾಯಿಕುರಿಗಳು ಅವನ್ನು ನೆಕ್ಕುತ್ತಿದ್ದವು. ಕುರಿಗಾರನ ಹೆಂಡತಿ ತಲೆಯೊಡೆದ ಮರಿಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಅವಳ ಹಣೆಯಿಂದಲೂ ರಕ್ತ ಸೋರುತ್ತಿತ್ತು. ಕಾಕಾ ಕಾಲಿನಿಂದ ಮಣ್ಣು ಒತ್ತಿ ನೋಡಿದ. “ಭೂಮಿ ಮಾತ್ರ ಅಗದಿ ಹದಾ ಆತು,” ಎಂದ.

ಬರುವಾಗ ಸತ್ತ ಕುರಿಯೊಂದನ್ನು ಮನೆಗೆ ಹೊರಿಸಿಕೊಂಡೇ ಬಂದ.

ಮರುದಿನ ಊಟಕ್ಕೆ ಅದೇ ಮಾಂಸ. ಬಡಿಸುತ್ತಿದ್ದ ಕಾಕು ಒಮ್ಮೆಲೇ ಕೈ ತಡೆದಳು.

“ಗುಡುಗು ಆಗತೈತಿ, ಆಣಿಕಲ್ಲು ಬೀಳತಾವು ಅಂತ ನಿನ್ನಿ ಮಧ್ಯಾಹ್ನ ರೇಡಿಯೋದಾಗ ಹೇಳಿದ್ರು. ಇಬ್ರೂ ಕೂಡೇ ಕೇಳೇವಿ. ಆ ಕುರಿಗಾರಗ ಯಾಕ ಸುಳ್ಳ ಹೇಳಿದ್ರಿ?”

ಕಾಕಾ ಎಲುಬು ಚೀಪುತ್ತಲೇ ಇದ್ದ. “ರೇಡಿಯೋದವ್ರು ದಿನಾ ಒಂದ ಹೇಳತಾರ. ಕುರಿ ಹೋದ್ರ ಆ ಮೂಲಿಗೆ ಗೊಬ್ಬರ ನೀ ಹಾಕತಿದ್ದೇನು?”

ಅವನ ಗಲ್ಲದ ಮೇಲೆ ಎಣ್ಣೆ ಇಳಿಯುತ್ತಿತ್ತು. ನಾನು ತಾಟು ಸರಿಸಿ ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ಕಾಕು ಆ ಸಂಜೆ ಕುರಿಗಾರನ ಹೆಂಡತಿಯ ಗಾಯಕ್ಕೆ ಅರಿಶಿನ ಒಯ್ದವಳು ಇದ್ದದ್ದು ಇದ್ದಂತೆ ಹೇಳಿಬಂದಳು. ಬೆಳಗಾಗುವಷ್ಟರಲ್ಲಿ ಕುರಿಹಟ್ಟಿ ಹೊಲದಿಂದ ಎದ್ದು ಹೋಗಿತ್ತು. ಆಮೇಲೆ ಯಾವ ಕುರಿಗಾರನೂ ಕಾಕಾನ ಹೊಲದಲ್ಲಿ ಇಳಿಯಲಿಲ್ಲ. ಆ ಜನಕ್ಕೆ ಉಪಕಾರದ ನೆನಪೇ ಇಲ್ಲವೆಂದು ಅವನು ಬಂದವರೆದುರು ಹೇಳಿಕೊಳ್ಳುತ್ತಿದ್ದ. ಕೇಳಿದವರು ಹೌದ್ರಿ ಹೌದ್ರಿ ಎಂದು ತಲೆಯಾಡಿಸಿ ಚಹಾ ಕುಡಿದು ಹೋಗುತ್ತಿದ್ದರು.